ದಪ್ಪ ಟೈರ್ ಹಾಕ್ಸೋ ಮುಂಚೆ ರಿಮ್ ಮೇಲಿರೋ ನಂಬರ್ ಓದ್ಕೊಳಿ

ವಾರಕ್ಕೊಬ್ಬರಾದ್ರೂ ಇದೇ ಕೇಳ್ತಾರೆ. "ಅಣ್ಣ, ನನ್ ಗಾಡಿಗೆ ಹಿಂದೆ 100 ಸೈಜ್ ಇದೆ, 130 ಹಾಕ್ಸಬಹುದಾ?", "ಸ್ಪ್ಲೆಂಡರ್‌ಗೆ ಬುಲೆಟ್ ತರ ದಪ್ಪ ಟೈರ್ ಕೂರತ್ತಾ?", "ಅಂಗಡಿಯವ್ರು ಆರಾಮಾಗಿ ಕೂರತ್ತೆ ಅಂದ್ರು, ಹಾಕ್ಸಿಬಿಡ್ಲಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ. ನಿಧಾನಕ್ಕೆ ಓದಿ, ಗಾಡಿ ಪಕ್ಕದಲ್ಲಿ ನಿಂತ್ಕೊಂಡು ಓದಿದ್ರೆ ಇನ್ನೂ ಒಳ್ಳೇದು.

ಮೊದಲೇ ಒಂದು ಮಾತು. ಟೈರ್ ರಿಮ್ ಮೇಲೆ ಕೂರತ್ತೆ ಅನ್ನೋದು ಬೇರೆ, ಆ ರಿಮ್‌ಗೆ ಆ ಟೈರ್ ಸರಿ ಅನ್ನೋದು ಬೇರೆ. ಗಾಳಿ ಹೊಡೆದು ಕೂರ್ಸಿದ್ರೆ ಬಹಳಷ್ಟು ಟೈರ್ ಕೂತ್ಕೊಳತ್ತೆ, ಹಂಗಂತ ತಿರುವಲ್ಲಿ ಗಾಡಿ ಬಗ್ಗಿಸಿದಾಗ ಅದು ಸರಿಯಾಗಿ ಕೆಲಸ ಮಾಡತ್ತೆ ಅಂತೇನಿಲ್ಲ. ನಾನೂ ಹಿಂದೆ ಒಂದು ಸಲ ರಿಮ್ ಅಳತೆ ನೋಡದೆ ಎರಡು ಸೈಜ್ ದೊಡ್ಡದು ಹಾಕ್ಸಿ, ದಿನಾ ಬೆಳಿಗ್ಗೆ ಎದ್ರೆ ಗಾಳಿ ಇಳಿದಿರೋದು, ಪಂಚರ್ ಹುಡುಕಿ ಹುಡುಕಿ ಸಿಗದೆ ಕೊನೆಗೆ ನೋಡಿದ್ರೆ ಟೈರ್ ಅಂಚು ರಿಮ್‌ಗೆ ಸರಿಯಾಗಿ ಅಂಟೇ ಇರ್ಲಿಲ್ಲ. ಆ ದುಡ್ಡು ನಿಮಗೆ ಉಳೀಲಿ ಅಂತಾನೇ ಈ ಬರಹ.

ಏನೇನು ಬೇಕು: ಮಿಲಿಮೀಟರ್ ಇರೋ ಟೇಪು, ಸೀಮೆಸುಣ್ಣ, ಮೊಬೈಲ್ ಕ್ಯಾಲ್ಕುಲೇಟರ್, ಟಾರ್ಚು, ಸೋಪ್ ನೀರು, ಗಾಳಿ ನೋಡೋ ಸ್ವಂತ ಗೇಜ್. ಚಕ್ರ ನೀವೇ ಬಿಚ್ಚೋದಾದ್ರೆ ಸ್ಪ್ಯಾನರ್, ಮೇನ್ ಸ್ಟ್ಯಾಂಡ್ ಅಥವಾ ಪ್ಯಾಡಾಕ್ ಸ್ಟ್ಯಾಂಡ್, ಅಂದ್ರೆ ಚಕ್ರ ನೆಲದಿಂದ ಎತ್ತಿ ಹಿಡಿಯೋ ಬೇರೆ ಸ್ಟ್ಯಾಂಡ್.

1. ಈಗಿರೋ ಟೈರ್ ಮೇಲೆ ಏನ್ ಬರೆದಿದೆ ಓದಿ

ಟೈರ್ ಪಕ್ಕದ ಗೋಡೆ ಮೇಲೆ 100/90-17 55ಪಿ ಅಂತ ಇದೆ ಅನ್ಕೊಳಿ. 100 ಅಂದ್ರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 90 ಅಂದ್ರೆ ಟೈರಿನ ಗೋಡೆ ಎತ್ತರ, ಇದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 90. ತುಂಬಾ ಜನ ಇಲ್ಲೇ ಎಡವೋದು. 17 ಅಂದ್ರೆ ರಿಮ್ಮಿನ ವ್ಯಾಸ, ಇಂಚಲ್ಲಿ. 55 ಅನ್ನೋದು ಲೋಡ್ ಇಂಡೆಕ್ಸ್, ಆ ಒಂದು ಟೈರ್ ಎಷ್ಟು ತೂಕ ಹೊರತ್ತೆ ಅನ್ನೋ ಕೋಡು, 55 ಅಂದ್ರೆ 218 ಕೆಜಿ. ಪಿ ಅಂದ್ರೆ ಗಂಟೆಗೆ 150 ಕಿಮೀ ತನಕ ಓಡಿಸಬಹುದು ಅಂತ.

ಲೋಡ್ ಇಂಡೆಕ್ಸ್ ಬಗ್ಗೆ ನಮ್ ಕಡೆ ಯಾರೂ ತಲೆ ಕೆಡಿಸ್ಕೊಳಲ್ಲ, ಆದ್ರೆ ಕೆಡಿಸ್ಕೊಬೇಕಾದವ್ರೇ ನಾವು. ಪಾಂಡವಪುರ, ಮಳವಳ್ಳಿ ಕಡೆ ಬೆಳಿಗ್ಗೆ ಡೈರಿಗೆ ಹಾಲು ತರೋ ಗಾಡಿ ನೋಡಿ, ಎರಡು ಕಡೆ 40 ಲೀಟರ್ ಕ್ಯಾನು, ಹಾಲೇ 80 ಕೆಜಿ ಮೇಲೆ, ಕ್ಯಾನ್ ತೂಕ ಬೇರೆ, ಅದರ ಮೇಲೆ ಓಡ್ಸೋರು, ಹೆಚ್ಚಿನ ಭಾರ ಎಲ್ಲಾ ಹಿಂದಿನ ಚಕ್ರದ ಮೇಲೇ. 47 ಅಂದ್ರೆ 175 ಕೆಜಿ, 54 ಅಂದ್ರೆ 212, 57 ಅಂದ್ರೆ 230, 62 ಅಂದ್ರೆ 265. ಹೊಸ ಟೈರಿನ ಈ ನಂಬರ್ ಹಳೇದಕ್ಕೆ ಸಮ ಇರ್ಬೇಕು ಇಲ್ಲಾ ಜಾಸ್ತಿ ಇರ್ಬೇಕು, ಕಮ್ಮಿ ಇದ್ರೆ ಎಷ್ಟೇ ಚೆನ್ನಾಗಿ ಕಂಡ್ರೂ ಬೇಡ. ಮುಂದಿನ ಚಕ್ರದ ಟೈರು ಅಗ್ಗಕ್ಕೆ ಸಿಕ್ತು ಅಂತ ಹಿಂದಕ್ಕೆ ಹಾಕ್ಸೋರಿಗೂ ಇದೇ ಮಾತು.

ಹಳೇ ಗಾಡಿಗಳಲ್ಲಿ 2.75-18, 3.00-18 ಅಂತ ಇಂಚಿನ ಲೆಕ್ಕ ಇರತ್ತೆ. ಜಾವಾ, ಯೆಜ್ಡಿ ಇಟ್ಕೊಂಡೋರು ಮೈಸೂರಲ್ಲಿ ಜಾಸ್ತಿ, ಇರ್ಬೇಕಾದ್ದೇ, 1961ರಿಂದ 1996ರ ತನಕ ಇಲ್ಲಿನ ಯಾದವಗಿರಿ ಫ್ಯಾಕ್ಟರಿಯಲ್ಲೇ, ಮೊದಲು ಜಾವಾ ಆಮೇಲೆ ಯೆಜ್ಡಿ ಹೆಸರಲ್ಲಿ, ತಯಾರಾದ ಗಾಡಿಗಳು ಅವು. ಅವರು ಮೂಲ ಸೈಜ್ ಸಿಗ್ತಿಲ್ಲ ಅಂತ ಮಿಲಿಮೀಟರ್ ಸೈಜ್ ಹುಡುಕ್ತಾರೆ. ಇಂಚಿನ ಟೈರ್‌ಗೆ ಲೆಕ್ಕ ಹಾಕೋಕೆ ಹೋಗ್ಬೇಡಿ, ಸರಿ ಬರಲ್ಲ. ಅಳೆದೇ ನೋಡ್ಬೇಕು, ಹೆಂಗೆ ಅಂತ ಮೂರನೇ ಹಂತದಲ್ಲಿ ಹೇಳ್ತೀನಿ.

2. ರಿಮ್ ಅಗಲ ನೋಡಿ, ಇದೇ ಮುಖ್ಯ

ರಿಮ್ ಮೇಲೂ ನಂಬರ್ ಇರತ್ತೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಲಾಯ್ ಆದ್ರೆ ಕಡ್ಡಿಗಳ ಹತ್ರ ಎಲ್ಲೋ ಎರಕದಲ್ಲೇ ಬಂದಿರತ್ತೆ, ಸ್ಪೋಕ್ ರಿಮ್ ಆದ್ರೆ ಅಚ್ಚು ಒತ್ತಿರ್ತಾರೆ. ಕೆಸರು ಒರೆಸಿ ಟಾರ್ಚ್ ಹಾಕಿ ಹುಡುಕಿ. 17 x 2.50, 18 x 1.85 ಹಿಂಗೆ ಇರತ್ತೆ. ಎರಡನೇ ನಂಬರು ರಿಮ್ಮಿನ ಒಳ ಅಗಲ, ಇಂಚಲ್ಲಿ, ಅಂದ್ರೆ ಟೈರಿನ ಎರಡು ಅಂಚು ಕೂರೋ ಜಾಗದ ನಡುವಿನ ಅಳತೆ. ಹೊರಗಿಂದ ಟೇಪ್ ಹಿಡಿದು ಅಳೆದ್ರೆ ರಿಮ್ ದಪ್ಪ ಸೇರ್ಕೊಂಡು ಜಾಸ್ತಿ ಬರತ್ತೆ, ಆ ಅಳತೆ ನಂಬ್ಬೇಡಿ.

ಯಾವ ಟೈರ್‌ಗೆ ಎಷ್ಟು ರಿಮ್ ಅನ್ನೋದಕ್ಕೆ ಸಾಮಾನ್ಯವಾಗಿ ಬಳಸೋ ಲೆಕ್ಕ ಇದು. 80/100ಕ್ಕೆ 1.60 ಇಂದ 2.15. 90/90ಕ್ಕೆ 1.85 ಇಂದ 2.50. 100/90ಕ್ಕೂ 110/80ಕ್ಕೂ ಕನಿಷ್ಠ 2.15, ಚೆನ್ನಾಗಿ ಕೂರೋದು 2.50 ಮೇಲೆ. 120/80ಕ್ಕೆ ಕನಿಷ್ಠ 2.50, ಸರಿಯಾದ್ದು 2.75. 130/70ಕ್ಕೆ ಕನಿಷ್ಠ 3.00, ಸರಿಯಾದ್ದು 3.50. 140/70ಕ್ಕೆ 3.50 ಕಮ್ಮಿ ಇದ್ರೆ ಆಸೆ ಬಿಡಿ. ಟೈರ್ ಕಂಪನಿಯವರ ಚಾರ್ಟ್‌ನಲ್ಲಿ ಆಯಾ ಮಾಡೆಲ್‌ಗೆ ಪಕ್ಕಾ ಅಳತೆ ಕೊಟ್ಟಿರ್ತಾರೆ, ತಗೊಳೋ ಮುಂಚೆ ಅದನ್ನೂ ನೋಡ್ಬಿಡಿ.

ಕಿರಿದಾದ ರಿಮ್‌ಗೆ ಅಗಲ ಟೈರ್ ಹಾಕಿದ್ರೆ ಏನಾಗತ್ತೆ ಅಂದ್ರೆ, ಎರಡು ಅಂಚನ್ನೂ ಒಳಗೆ ಹಿಸುಕಿದ ಹಂಗಾಗಿ ಟೈರಿನ ನೆತ್ತಿ ಉಬ್ಬತ್ತೆ, ತೆಂಗಿನಕಾಯಿ ತರ. ಆಗ ನೆಲಕ್ಕೆ ತಾಗೋದು ನಡುವಿನ ಒಂದು ಪಟ್ಟಿ ಮಾತ್ರ. ದಪ್ಪ ಟೈರ್ ಹಾಕಿದ್ದೇ ಗ್ರಿಪ್‌ಗೆ, ಈಗ ಮುಂಚೆಗಿಂತ ಕಮ್ಮಿ ರಬ್ಬರ್ ನೆಲ ಮುಟ್ತಿದೆ. ನಡು ಬೇಗ ಸವೆಯತ್ತೆ, ಪಕ್ಕದ ಗೋಡೆ ಅಲ್ಲಾಡತ್ತೆ, ಟ್ಯೂಬ್‌ಲೆಸ್ ಆದ್ರೆ ಅಂಚಿಂದ ಗಾಳಿ ಸೋರತ್ತೆ. ನೋಡೋಕೆ ಮಾತ್ರ ಭರ್ಜರಿ.

3. ಎತ್ತರದ ಲೆಕ್ಕ ಹಾಕಿ

ಟೈರಿನ ಪೂರ್ತಿ ಎತ್ತರ ಹಿಂಗೆ: ರಿಮ್ ಇಂಚನ್ನ 25.4ರಿಂದ ಗುಣಿಸಿ, ಅದಕ್ಕೆ ಗೋಡೆ ಎತ್ತರದ ಎರಡರಷ್ಟು ಸೇರ್ಸಿ. 100/90-17ಕ್ಕೆ ಗೋಡೆ 90 ಮಿಮೀ, ಎರಡರಷ್ಟು 180, ರಿಮ್ 431.8, ಒಟ್ಟು ಹತ್ರ ಹತ್ರ 612 ಮಿಮೀ.

ಇದೇ ಲೆಕ್ಕದಲ್ಲಿ 110/80-17 ಹಾಕಿದ್ರೆ 608, ಒಂದು ಪರ್ಸೆಂಟೂ ವ್ಯತ್ಯಾಸ ಇಲ್ಲ. 120/80-17 ಆದ್ರೆ 624, ಎರಡು ಪರ್ಸೆಂಟ್ ಜಾಸ್ತಿ. 130/70-17 ಆದ್ರೆ 614, ಅಂದ್ರೆ ಎತ್ತರದಲ್ಲಿ ಹೆಚ್ಚು ಕಮ್ಮಿ ಸಮ. ಹಂಗಾದ್ರೆ 130 ಹಾಕ್ಬಹುದಲ್ವಾ ಅಂತೀರ, ಆದ್ರೆ ಎರಡನೇ ಹಂತಕ್ಕೆ ವಾಪಸ್ ಹೋಗಿ, ನಿಮ್ ರಿಮ್ 2.50 ಇದ್ರೆ ಅದು ಅಲ್ಲೇ ಫೇಲು. ಎರಡೂ ಪಾಸ್ ಆಗ್ಬೇಕು. 100/90-17 ಇರೋ 150 ಸಿಸಿ ಗಾಡಿಗಳಿಗೆ, ರಿಮ್ 2.50 ಇದ್ರೆ, ನನ್ ಪ್ರಕಾರ 110/80 ನೆಮ್ಮದಿಯ ಸೈಜು, 120/80 ಕೊನೇ ಮಿತಿ, ಅದರಿಂದಾಚೆಗೆ ಬೇಡ.

ಸ್ಪ್ಲೆಂಡರ್ ತರದ ಗಾಡೀಲಿ 80/100-18 ಇರತ್ತೆ, ಎತ್ತರ 617. ಅದಕ್ಕೆ 90/90-18 ಹಾಕಿದ್ರೆ 619, ಎರಡು ಮಿಲಿಮೀಟರ್ ಅಷ್ಟೇ ಜಾಸ್ತಿ, ರಿಮ್ ಮೇಲೆ 1.85 ಅಂತ ಇದ್ರೆ ಆರಾಮಾಗಿ ಒಪ್ಕೊಳತ್ತೆ, 1.60 ಇದ್ರೆ ಇಲ್ಲ. 100/90-18 ಹಾಕ್ಸೋಕೆ ಹೋದ್ರೆ 637, ಮೂರು ಪರ್ಸೆಂಟ್ ಮೇಲೆ ಹೋಯ್ತು, ರಿಮ್ಮೂ ಸಾಲಲ್ಲ, 100 ಸಿಸಿ ಎಂಜಿನ್‌ಗೆ ಎಳೆಯೋಕೂ ಕಷ್ಟ.

ಎತ್ತರ ಯಾಕೆ ಇಷ್ಟು ಮುಖ್ಯ ಅಂದ್ರೆ, ಚಕ್ರ ಒಂದು ಸುತ್ತು ತಿರುಗಿದ್ರೆ ಗಾಡಿ ಎಷ್ಟು ದೂರ ಹೋಗತ್ತೆ ಅನ್ನೋದು ಬದಲಾಗತ್ತೆ. ಮುಂದಿನ ಚಕ್ರದಿಂದ ಮೀಟರ್ ಓಡೋ ಗಾಡೀಲಿ ಮುಂದಿನ ಟೈರ್ ಎರಡು ಪರ್ಸೆಂಟ್ ದೊಡ್ಡದಾದ್ರೆ, ಮೊದಲು 60 ತೋರಿಸ್ತಿದ್ದಾಗ ಇದ್ದ ವೇಗಕ್ಕಿಂತ ಈಗ ಅದೇ 60ಕ್ಕೆ ಎರಡು ಪರ್ಸೆಂಟ್ ಜೋರಾಗಿ ಹೋಗ್ತಿರ್ತೀರ. ಹಿಂದಿನ ಚಕ್ರ ದೊಡ್ಡದಾದ್ರೆ ಪಿಕಪ್ ಸ್ವಲ್ಪ ಸತ್ತ ಹಂಗಾಗತ್ತೆ. ಎಬಿಎಸ್ ಇರೋ ಗಾಡಿ ಅಂದ್ರೆ ಇನ್ನೂ ಹುಷಾರು. ಎಬಿಎಸ್ ಅಂದ್ರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳೋ ವ್ಯವಸ್ಥೆ, ಡ್ಯುಯಲ್ ಚಾನೆಲ್ ಆದ್ರೆ ಅದು ಎರಡೂ ಚಕ್ರದ ವೇಗ ಓದ್ಕೊಂಡು ತೀರ್ಮಾನ ಮಾಡತ್ತೆ. ಒಂದು ಚಕ್ರದ ಸುತ್ತಳತೆ ಮಾತ್ರ ತುಂಬಾ ಬದಲಾದ್ರೆ ಅದರ ಲೆಕ್ಕ ತಪ್ಪತ್ತೆ. ಅದಕ್ಕೇ ನಾನು ಎರಡು ಪರ್ಸೆಂಟ್ ಒಳಗೆ ಇಟ್ಕೊಳಿ ಅನ್ನೋದು.

ಇಂಚಿನ ಟೈರ್ ಇರೋರು ಹಿಂಗೆ ಮಾಡಿ. ಗಾಳಿ ಸರಿ ಮಾಡ್ಕೊಂಡು, ಸಮ ನೆಲದಲ್ಲಿ ವಾಲ್ವ್ ಕೆಳಗೆ ಬರೋ ಹಂಗೆ ನಿಲ್ಲಿಸಿ ನೆಲಕ್ಕೆ ಸೀಮೆಸುಣ್ಣದ ಗೀಟು ಹಾಕಿ, ಒಬ್ಬರು ಕೂತ್ಕೊಂಡು ಗಾಡಿನ ನೇರ ತಳ್ಳಿ, ವಾಲ್ವ್ ಮತ್ತೆ ಕೆಳಗೆ ಬಂದಾಗ ಇನ್ನೊಂದು ಗೀಟು. ನಡುವಿನ ದೂರನೇ ಒಂದು ಸುತ್ತು. ಹೊಸ ಟೈರ್ ಹಾಕಿದ ಮೇಲೆ ಇದೇ ಥರ ಅಳೆದು ಹೋಲಿಸಿ. ಹಳೇ ಟೈರ್ ಸವೆದು ಚಿಕ್ಕದಾಗಿರತ್ತೆ ಅನ್ನೋದು ನೆನಪಿರ್ಲಿ.

4. ಜಾಗ ಅಳೀರಿ

ಟೈರ್ 20 ಮಿಮೀ ಅಗಲ ಆದ್ರೆ ಒಂದೊಂದು ಕಡೆಗೆ 10 ಮಿಮೀ ಹೊರಗೆ ಬರತ್ತೆ. ಈಗ ಟೈರಿಂದ ಚೈನ್‌ಗೆ ಎಷ್ಟು ಜಾಗ ಇದೆ, ಸ್ವಿಂಗ್ ಆರ್ಮ್‌ಗೆ, ಅಂದ್ರೆ ಹಿಂದಿನ ಚಕ್ರ ಹಿಡ್ಕೊಂಡಿರೋ ಆ ಕವೆಗೆ, ಎಷ್ಟು ಜಾಗ ಇದೆ, ಎರಡೂ ಕಡೆ ಅಳೆದು ಬರ್ಕೊಳಿ. ಹೊಸದು ಹಾಕಿದ್ಮೇಲೂ ಪ್ರತಿ ಕಡೆ 7-8 ಮಿಮೀ ಖಾಲಿ ಉಳೀಬೇಕು ಅನ್ನೋದು ನಾನು ಇಟ್ಕೊಂಡಿರೋ ಲೆಕ್ಕ. ಮಣ್ಣು ಮೆತ್ಕೊಳತ್ತೆ, ಚೈನ್ ಅಲ್ಲಾಡತ್ತೆ, ಅದಕ್ಕೆಲ್ಲಾ ಜಾಗ ಬೇಕಲ್ಲ. ಕಬ್ಬು ಕಡಿಯೋ ಟೈಮಲ್ಲಿ ಗದ್ದೆ ದಾರಿ, ನಾಲೆ ಏರಿ ಮೇಲೆ ಓಡ್ಸೋರು ಇನ್ನೂ ಜಾಸ್ತಿ ಬಿಡಿ, ಆ ಕಪ್ಪು ಮಣ್ಣು ಮಡ್‌ಗಾರ್ಡ್ ಒಳಗೆ ತುಂಬ್ಕೊಂಡ್ರೆ ಮುಂದಿನ ಚಕ್ರ ಜಾಮ್ ಆಗಿ ಅಲ್ಲೇ ಬೀಳ್ತೀರ.

ಮಡ್‌ಗಾರ್ಡ್ ಒಳಗೆ ಕೈ ಹಾಕಿ ತಡವಿ. ನಂಬರ್ ಪ್ಲೇಟು, ಬ್ರಾಕೆಟ್‌ಗೆ ಹಾಕಿರೋ ಬೋಲ್ಟ್ ತುದಿ ಒಳಗೆ ಚಾಚ್ಕೊಂಡಿರತ್ತೆ. ಖಾಲಿ ಗಾಡೀಲಿ ಏನೂ ಗೊತ್ತಾಗಲ್ಲ, ಹಿಂದೆ ಒಬ್ಬರನ್ನ ಕೂರಿಸ್ಕೊಂಡು ಹಂಪ್ ಹಾರಿಸಿದಾಗ ಶಾಕ್ ಒತ್ತಿ ಟೈರ್ ಮೇಲೆ ಹೋಗಿ ಆ ಬೋಲ್ಟ್ ಟ್ರೆಡ್ಡನ್ನ, ಅಂದ್ರೆ ನೆಲ ಮುಟ್ಟೋ ರಬ್ಬರನ್ನ, ಕೊಯ್ಯತ್ತೆ. ಪರೀಕ್ಷೆಗೆ ಒಂದು ಸುಲಭ ದಾರಿ ಇದೆ. ಮಡ್‌ಗಾರ್ಡ್ ಒಳಗೆ ಮೂರ್ನಾಲ್ಕು ಕಡೆ ಬೆರಳು ದಪ್ಪ ಹಸಿ ಜೇಡಿಮಣ್ಣು ಅಂಟಿಸಿ, ಇಬ್ಬರು ಕೂತ್ಕೊಂಡು ನಿಧಾನಕ್ಕೆ ಎರಡು ಮೂರು ಹಂಪ್ ದಾಟಿಸಿ, ಇಳಿದು ನೋಡಿ. ಮಣ್ಣು ಉಜ್ಜಿ ಹೋಗಿದ್ರೆ ಜಾಗ ಸಾಲ್ತಿಲ್ಲ ಅಂತ. ಹೊಸ ಟೈರ್ ಹಾಕಿದ ದಿನವೇ ಮಾಡಿ ಇದನ್ನ.

ಮುಂದಿನ ಚಕ್ರದ ಬಗ್ಗೆ ಹೇಳೋದಾದ್ರೆ, ಅದನ್ನ ಮುಟ್ಟದೇ ಇದ್ರೆ ಒಳ್ಳೇದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹ್ಯಾಂಡಲ್ ಹಗುರವಾಗಿ ತಿರುಗೋದು, ನೇರ ಹೋಗೋದು ಎಲ್ಲಾ ಮುಂದಿನ ಟೈರಿನ ಅಳತೆ ಮೇಲೆ ನಿಂತಿದೆ. ಬದಲಾಯಿಸಲೇಬೇಕು ಅಂದ್ರೆ ಒಂದೇ ಒಂದು ಸೈಜ್ ಮೇಲೆ ಹೋಗಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಫೋರ್ಕ್, ಬ್ರೇಕ್ ಹೋಸ್ ಏನಾದ್ರೂ ತಾಗ್ತಿದ್ಯಾ ನೋಡಿ.

5. ಕಾನೂನು, ಇನ್ಶೂರೆನ್ಸ್

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರೋದಕ್ಕೂ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಂಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು ಅಥವಾ ಎರಡೂ ಅಂತ ಇದೆ. ಹಂಗಾಗಿ ಕ್ಷೇಮವಾದ ದಾರಿ ಅಂದ್ರೆ ನಿಮ್ ಗಾಡಿದೇ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಟ್ಟಿರೋ ಸೈಜು ಆರಿಸ್ಕೊಳೋದು, ಅದೂ ಎರಡರ ರಿಮ್ ಅಗಲ ಒಂದೇ ಇದ್ರೆ. ಟೈರ್ ಬಾಡಿಯಿಂದ ಆಚೆ ಚಾಚ್ಕೊಂಡಿದ್ರೆ ದೂರದಿಂದಲೇ ಕಾಣತ್ತೆ, ಅಪಘಾತ ಆದಾಗ ಕ್ಲೈಮ್ ಟೈಮಲ್ಲೂ ಪ್ರಶ್ನೆ ಬರಬಹುದು. ಇನ್ಶೂರೆನ್ಸ್‌ನವರಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ.

6. ಟೈರ್ ತಗೊಳೋವಾಗ

ಅಪರೂಪದ ಸೈಜು ಅಂಗಡೀಲಿ ಕೂತ್ಕೊಂಡೇ ಹಳೇದಾಗಿರತ್ತೆ. ಪಕ್ಕದ ಗೋಡೇಲಿ ನಾಲ್ಕು ಅಂಕಿ ಹುಡುಕಿ, 2324 ಅಂತ ಇದ್ರೆ 2024ರ 23ನೇ ವಾರದಲ್ಲಿ ತಯಾರಾಗಿದ್ದು ಅಂತ. ಮೈಸೂರಿನ ಅಶೋಕ ರೋಡಲ್ಲಾಗ್ಲಿ ಮಂಡ್ಯದಲ್ಲಾಗ್ಲಿ, ಇದು ನೋಡದೆ ದುಡ್ಡು ಕೊಡ್ಬೇಡಿ, ಎರಡು ವರ್ಷಕ್ಕಿಂತ ಹಳೇದಿದ್ರೆ ನಾನಂತೂ ತಗೊಳಲ್ಲ.

ರೇಡಿಯಲ್ ಮತ್ತೆ ಬಯಾಸ್ ಅಂತ ಎರಡು ಜಾತಿ. ಒಳಗಿನ ದಾರದ ಪದರ ಓರೆಯಾಗಿ ಒಂದರ ಮೇಲೊಂದು ದಾಟ್ಕೊಂಡಿದ್ರೆ ಬಯಾಸ್, ಅಂಚಿಂದ ಅಂಚಿಗೆ ಅಡ್ಡಡ್ಡ ಹೋಗಿದ್ರೆ ರೇಡಿಯಲ್. ಸೈಜ್ ನಡುವೆ ಆರ್ ಅಕ್ಷರ ಇದ್ರೆ ರೇಡಿಯಲ್. ಕಂಪನಿ ಹಂಗೆ ಕೊಟ್ಟಿಲ್ಲ ಅಂದ್ರೆ ಹಿಂದೊಂದು ಮುಂದೊಂದು ಜಾತಿ ಮಿಕ್ಸ್ ಮಾಡ್ಬೇಡಿ.

ಸ್ಪೋಕ್ ರಿಮ್‌ಗೆ ಟ್ಯೂಬ್‌ಲೆಸ್ ಟೈರ್ ಹಾಕಿದ್ರೂ ಒಳಗೆ ಟ್ಯೂಬ್ ಬೇಕೇ ಬೇಕು, ಸಾಮಾನ್ಯ ಸ್ಪೋಕ್ ರಿಮ್‌ನಲ್ಲಿ ಪ್ರತಿ ನಿಪ್ಪಲ್ ತೂತಿಂದಲೂ, ಅಂದ್ರೆ ಸ್ಪೋಕ್ ತುದಿ ಕೂರೋ ತೂತಿಂದಲೂ, ಗಾಳಿ ಹೋಗತ್ತೆ. ಸೈಜ್ ದೊಡ್ಡದು ಮಾಡ್ದಾಗ ಟ್ಯೂಬೂ ಹೊಸದೇ ಹಾಕ್ಸಿ, ಹಳೇ ಚಿಕ್ಕ ಟ್ಯೂಬ್ ಹಿಗ್ಗಿ ತೆಳ್ಳಗಾಗಿ ಒಂದಿನ ಸಿಡಿಯತ್ತೆ.

7. ಹಾಕ್ಸೋದು

ಚಕ್ರ ಮನೇಲೇ ಬಿಚ್ಕೊಂಡು ಹೋಗ್ಬಹುದು, ಟೈರ್ ಬಿಚ್ಚಿ ಹಾಕೋದು ಮಾತ್ರ ಮೆಷಿನ್ ಇರೋ ಅಂಗಡೀಲಿ ಮಾಡ್ಸಿ. ಅಲಾಯ್‌ಗೆ ಕಬ್ಬಿಣದ ಸಲಾಕೆ ಹಾಕಿ ಎತ್ತಿದ್ರೆ ಅಂಚು ಚೂರಾಗತ್ತೆ, ಆಮೇಲೆ ಗಾಳಿ ನಿಲ್ಲಲ್ಲ. ಬಿಚ್ಚೋ ಮುಂಚೆ ಚೈನ್ ಅಡ್ಜಸ್ಟರ್ ಯಾವ ಗೀಟಲ್ಲಿದೆ, ವಾಶರ್, ಬುಷ್ ಯಾವ ಕಡೆ ಇದೆ ಅಂತ ಮೊಬೈಲಲ್ಲಿ ಫೋಟೋ ತಕ್ಕೊಳಿ. ಡಿಸ್ಕ್ ಇರೋ ಚಕ್ರನ ಡಿಸ್ಕ್ ಮೇಲೆ ಭಾರ ಬೀಳೋ ಹಂಗೆ ನೆಲಕ್ಕೆ ಹಾಕ್ಬೇಡಿ, ಸೊಟ್ಟಾಗತ್ತೆ. ಚಕ್ರ ಆಚೆ ಇರೋವಾಗ ಬ್ರೇಕ್ ಒತ್ತಬೇಡಿ.

ಅಂಗಡೀಲಿ ನೀವು ಪಕ್ಕದಲ್ಲೇ ನಿಂತು ನೋಡ್ಬೇಕಾದ್ದು: ಟೈರ್ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗೋ ದಿಕ್ಕಿಗಿದೆಯಾ. ಹಳದಿ ಚುಕ್ಕೆ ಇದ್ರೆ ಅದು ವಾಲ್ವ್ ಹತ್ರ ಬರ್ಬೇಕು, ಅದು ಟೈರಿನ ಹಗುರ ಭಾಗ. ಟ್ಯೂಬ್‌ಲೆಸ್ ಆದ್ರೆ ವಾಲ್ವ್ ಹೊಸದು ಹಾಕಿದ್ರಾ. ಸ್ಪೋಕ್ ಆದ್ರೆ ರಿಮ್ ಪಟ್ಟಿ, ಅಂದ್ರೆ ಟ್ಯೂಬ್‌ಗೆ ಸ್ಪೋಕ್ ತುದಿ ಚುಚ್ಚದ ಹಾಗೆ ಇರೋ ರಬ್ಬರ್ ಪಟ್ಟಿ, ವಾಪಸ್ ಹಾಕಿದ್ರಾ. ಆತುರದಲ್ಲಿ ಇದನ್ನ ಮರೀತಾರೆ. ಗಾಳಿ ತುಂಬ್ತಾ ಅಂಚು ಟಪ್ ಅಂತ ಕೂತ್ಮೇಲೆ, ರಿಮ್ ಪಕ್ಕದಲ್ಲೇ ಟೈರ್ ಮೇಲೆ ಒಂದು ಸಣ್ಣ ಗೆರೆ ಸುತ್ತಲೂ ಕಾಣತ್ತೆ, ಅದು ಎಲ್ಲಾ ಕಡೆ ಒಂದೇ ದೂರದಲ್ಲಿರ್ಬೇಕು. ಒಂದು ಕಡೆ ಒಳಗೆ ಹೋಗಿದ್ರೆ ಗಾಳಿ ಇಳಿಸಿ, ಸೋಪ್ ನೀರು ಹಚ್ಚಿ ಮತ್ತೆ ಕೂರ್ಸಿ. ಕೂತಿಲ್ಲ ಅಂತ ಸುಮ್ನೆ ಗಾಳಿ ಏರಿಸ್ತಾ ಹೋದ್ರೆ ತಡೀರಿ, ಟೈರ್ ಸಿಡಿದ್ರೆ ಕೈ ಹೋಗತ್ತೆ. ಕೊನೇಲಿ ಎರಡೂ ಅಂಚಿಗೆ, ವಾಲ್ವ್ ಬುಡಕ್ಕೆ ಸೋಪ್ ನೀರು ಹಾಕಿ ಗುಳ್ಳೆ ಬರತ್ತಾ ನೋಡಿ.

8. ಚಕ್ರ ವಾಪಸ್ ಹಾಕಿದ್ಮೇಲೆ

ಚೈನ್ ಎರಡೂ ಕಡೆ ಒಂದೇ ಗೀಟಿಗೆ ಇಟ್ಟು, ಕೈಪಿಡೀಲಿ ಹೇಳಿದಷ್ಟು ಸಡಿಲ ಬಿಡಿ, ಮಧ್ಯದಲ್ಲಿ ಬೆರಳಲ್ಲಿ ಎತ್ತಿದ್ರೆ ಸಾಮಾನ್ಯವಾಗಿ 20ರಿಂದ 30 ಮಿಮೀ. ಆಕ್ಸಲ್ ನಟ್ಟು ಸರಿಯಾಗಿ ಬಿಗಿ ಮಾಡಿ. ಬ್ರೇಕ್ ನಾಲ್ಕೈದು ಸಲ ಒತ್ತಿ ನೋಡದೆ ಗಾಡಿ ತೆಗೀಬೇಡಿ, ಡಿಸ್ಕ್ ಆದ್ರೆ ಮೊದಲನೇ ಸಲ ಪೆಡಲ್ ಪೂರ್ತಿ ಕೆಳಗೆ ಹೋಗಬಹುದು. ಮೇನ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲದಿಂದ ಎದ್ದಿದ್ಯಾ, ಸೈಡ್ ಸ್ಟ್ಯಾಂಡ್‌ನಲ್ಲಿ ಗಾಡಿ ಜಾಸ್ತಿ ವಾಲ್ತಿದ್ಯಾ ಅಂತಾನೂ ನೋಡಿ.

ಗಾಳಿ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಒಂದು ಸೈಜ್ ಮೇಲೆ ಹೋದ್ರೆ ಸ್ವಿಂಗ್ ಆರ್ಮ್ ಅಥವಾ ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲಿ ಇರೋ ಒತ್ತಡನೇ ಇಟ್ಕೊಳಿ, ಬೆಳಿಗ್ಗೆ ಗಾಡಿ ಓಡಿಸೋ ಮುಂಚೆ ಟೈರ್ ತಣ್ಣಗಿರೋವಾಗ ಅಳೀರಿ. ದಪ್ಪ ಟೈರು ಅಂತ ಗಾಳಿ ಕಮ್ಮಿ ಮಾಡೋದು ತಪ್ಪು.

ಹೊಸ ಟೈರ್ ಮೇಲ್ಮೈ ನಯವಾಗಿರತ್ತೆ, ಮೊದಲ 150 ಕಿಮೀ ಜೋರಾಗಿ ಬಗ್ಗಿಸೋದು, ಗಕ್ಕನೆ ಬ್ರೇಕ್ ಹಿಡಿಯೋದು ಬೇಡ. ಮೈಸೂರಲ್ಲಿರೋರು ಬೆಳಿಗ್ಗೆ ಬೇಗ ರಿಂಗ್ ರೋಡಲ್ಲಿ ನೇರ ಓಡ್ಸಿ ನೋಡಿ, ಹ್ಯಾಂಡಲ್ ಒಂದು ಕಡೆ ಎಳೀತಾ, 50-60ರಲ್ಲಿ ನಡುಗ್ತಾ ಗಮನಿಸಿ, ನಡುಗಿದ್ರೆ ಬ್ಯಾಲೆನ್ಸಿಂಗ್ ಮಾಡ್ಸಿ. ಚಾಮುಂಡಿ ಬೆಟ್ಟದ ತಿರುವು ಅದಾದ ವಾರಕ್ಕೆ ಇರ್ಲಿ, ಮಳೆ ಬಂದಿರೋ ದಿನ ಅಂತೂ ಬೇಡ. ಮಂಡ್ಯ ಮೈಸೂರು ಓಡಾಡೋರು 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡದೇ ಇರೋದ್ರಿಂದ ಸರ್ವೀಸ್ ರೋಡಲ್ಲೇ ಹೋಗ್ಬೇಕಲ್ಲ, ಅಲ್ಲಿನ ಹಂಪು, ಗುಂಡಿನೇ ಜಾಗ ಸಾಲತ್ತಾ ಇಲ್ವಾ ಅಂತ ತೋರಿಸ್ಬಿಡತ್ತೆ, ದಾರೀಲಿ ಒಂದು ಸಲ ನಿಲ್ಲಿಸಿ ಮಡ್‌ಗಾರ್ಡ್ ಒಳಗೆ, ಚೈನ್ ಕಡೆ ಟೈರ್ ಗೋಡೇಲಿ ಉಜ್ಜಿದ ಗುರುತಿದ್ಯಾ ನೋಡಿ. ಎಬಿಎಸ್ ಲೈಟ್ ಗಾಡಿ ಓಡ್ತಿರೋವಾಗ ಹತ್ಕೊಂಡೇ ಇದ್ರೆ ಆ ಸೈಜ್ ಇಟ್ಕೊಂಡು ಓಡಿಸ್ಬೇಡಿ.

500 ಕಿಮೀ ಆದ್ಮೇಲೆ ಚೈನ್, ಆಕ್ಸಲ್ ನಟ್ಟು ಇನ್ನೊಂದು ಸಲ ನೋಡಿ, ಟ್ರೆಡ್ ಮೇಲೆ ಕೈ ಆಡಿಸಿ. ನಡುವೆ ಮಾತ್ರ ಸವೆದು ಎರಡು ಪಕ್ಕ ಹೊಸದರ ಹಂಗೇ ಇದ್ರೆ ಗಾಳಿ ಜಾಸ್ತಿ ಇದೆ, ಇಲ್ಲಾ ರಿಮ್ ಚಿಕ್ಕದಾಯ್ತು ಅಂತ. ಅಲ್ಲಿ ತನಕ ಹಳೇ ಟೈರನ್ನ ಅಂಗಡಿಯವ್ರಿಗೆ ಎಕ್ಸ್‌ಚೇಂಜ್ ಕೊಟ್ಬಿಡ್ಬೇಡಿ, ಟ್ರೆಡ್ ಉಳಿದಿದ್ರೆ ಮನೆಗೆ ತಂದು ನೆರಳಲ್ಲಿ ಇಟ್ಟಿರಿ, ವಾಪಸ್ ಹಾಕ್ಸೋ ಪರಿಸ್ಥಿತಿ ಬಂದ್ರೆ ಅದೇ ಬೇಕಾಗೋದು.